ನಾಯಿಯ ಕಿವಿಯಲ್ಲಿ ನುಸಿಯೆ? ಅದನ್ನು ಗುರುತಿಸುವ ಬಗೆ

ಊರಿಗೆ ಹೊರಟು ನಿಂತವನ ಎದುರಿಗೆ ನಾಯಿಯು ಪಟಪಟನೆ ಕಿವಿ ಕೊಡವಿದರೆ ಅಪಶಕುನವೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಹಾಗಾದಾಗ ಹೊರಟವನು ಮರಳಿ ಒಳಗೆ ಬಂದು, ಒಂದು ಗಳಿಗೆ ಕುಳಿತು, ನೀರು ಕುಡಿದು, ಮತ್ತೆ ಹೊರಡಬೇಕು. ತುಳಸಿಗೇರಿಯ ಒಂದು ಮನೆಯ ಯಜಮಾನರು ಹೀಗೆ ಒಂದು ತಿಂಗಳ ಕಾಲ ದಿನವೂ ಕುಳಿತೆದ್ದರು. ಅವರ ನಾಯಿಯು ಹೊರಟಾಗಲೂ ಕಿವಿ ಕೊಡವುತ್ತಿತ್ತು, ಬಂದಾಗಲೂ ಕೊಡವುತ್ತಿತ್ತು, ನಡುರಾತ್ರಿಯಲ್ಲಿ ಎಲ್ಲರೂ ಮಲಗಿದ್ದಾಗಲೂ ಕೊಡವುತ್ತಿತ್ತು. ಇದು ಶಕುನದ ಮಾತಲ್ಲವೆಂದು ಕೊನೆಗೆ ಅವರಿಗೇ ತೋರಿತು.

ತುಳಸಿಗೇರಿಯು ಬಾಗಲಕೋಟೆಯಿಂದ ಕಲಾದಗಿ, ಲೋಕಾಪುರಗಳ ಕಡೆಗೆ ಹೋಗುವ ಹಾದಿಯಲ್ಲಿ ಹನುಮಪ್ಪನ ಗುಡಿಯಿಂದ ಹೆಸರಾದ ಊರು. ಲೋಕಾಪುರದಿಂದ ಮುಂದೆ ಹೋದರೆ ಮುಧೋಳ. ಮುಧೋಳದ ಬೇಟೆನಾಯಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅಲ್ಲಿಯ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರವು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಶ್ವಾನ ಸಂಶೋಧನಾ ಕೇಂದ್ರವೂ ಉಂಟು. ಉದ್ದ ಕಾಲು, ಸಣ್ಣ ನಡು, ನೀಳವಾದ ಮುಖ, ಕೆನ್ನೆಗಂಟಿ ಜೋತುಬಿದ್ದ ಕಿವಿ, ಇವು ಇದರ ಲಕ್ಷಣಗಳು. ಇದು ಕಣ್ಣಿನಿಂದ ಬೇಟೆಯಾಡುವ ನಾಯಿಯೆಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ನಿಜ. ಆದರೆ ಅಮವಾಸ್ಯೆಯ ರಾತ್ರಿಯಲ್ಲಿ ಕುರಿದಡ್ಡಿಯನ್ನು ಕಾಯುವ ನಾಯಿಗೆ ಕಣ್ಣಿನಿಂದ ಎಷ್ಟು ಪ್ರಯೋಜನ? ಆಗ ಅದಕ್ಕೆ ಆಧಾರ ಕಿವಿ ಮತ್ತು ಮೂಗು. ಕಿವಿ ಕೆಟ್ಟ ನಾಯಿಯನ್ನು ಕುರಿಯವರು ದಡ್ಡಿಯ ಬಳಿ ಬಿಡಲೊಪ್ಪುವುದಿಲ್ಲ. ಆದುದರಿಂದ ಆ ಮನೆಯವರ ಚಿಂತೆ ಬರಿಯ ಮರುಕದ ಚಿಂತೆಯಾಗಿರಲಿಲ್ಲ.

ಆ ಮನೆಯ ಹುಡುಗ ನಮ್ಮ ಕಾಲೇಜಿನ ವಿದ್ಯಾರ್ಥಿ. ಒಂದು ದಿನ ಪ್ರಯೋಗದ ತರಗತಿ ಮುಗಿದ ಮೇಲೆ ಒಂದು ಬೆಂಕಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, “ಸರ, ನಮ್ಮ ನಾಯಿ ಕಿವ್ಯಾಗ ಹುಳ ಆಗ್ಯಾವ್ರಿ. ಅಜ್ಜ ದಿನಾ ಬೇವಿನೆಣ್ಣಿ ಕಾಸಿ ಹಾಕಾಕತ್ತಾನ್ರಿ. ಕಡಿಮಿ ಆಗವಲ್ದು. ಹುಳ ಹೌದೋ ಅಲ್ಲೋ ನಿಮ್ಮ ಮಶೀನಿನ್ಯಾಗ ನೋಡಿ ಹೇಳ್ರಿ,” ಎಂದನು. ಪೆಟ್ಟಿಗೆಯಲ್ಲಿ ಹತ್ತಿಗೆ ಅಂಟಿದ ಕಪ್ಪುಕಂದು ಬಣ್ಣದ, ಕಾಫಿಪುಡಿಯಂಥ ಕಸವಿತ್ತು. ನಾವು ಭೌತಶಾಸ್ತ್ರವನ್ನು ಹೇಳಿಕೊಡುವವರು. ಪಶುವೈದ್ಯಕ್ಕೂ ನಮಗೂ ದೂರ. ಆದರೆ ಸೂಕ್ಷ್ಮದರ್ಶಕ ನಮ್ಮದೇ ಅಲ್ಲವೆ? ಕಸದ ಒಂದು ಚೂರನ್ನು ಗಾಜಿನ ಫಲಕದ ಮೇಲಿಟ್ಟು, ಇದ್ದುದರಲ್ಲಿ ಹೆಚ್ಚು ವರ್ಧನವುಳ್ಳ ಮಸೂರವನ್ನು ತಿರುಗಿಸಿ, ಕಾಲು ಗಂಟೆ ನೋಡಿದೆವು. ಕಂಡದ್ದು ಕಪ್ಪು ಬೆಟ್ಟಗಳು, ಅವುಗಳ ನಡುವೆ ಕಪ್ಪು ಕಣಿವೆಗಳು. “ಹುಳ ಇಲ್ಲ,” ಎಂದು ಹೇಳಿ ಕಳುಹಿಸಿದೆವು. ನಮ್ಮ ತೀರ್ಮಾನ ತಪ್ಪಾಗಿತ್ತು. ಎಲ್ಲಿ ತಪ್ಪಿದೆವೆಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಆ ಹುಳದ ಪರಿಚಯವಾಗಲಿ.

ನುಸಿಯು ಕೀಟವಲ್ಲ. ಕೀಟಕ್ಕೆ ಆರು ಕಾಲು, ಬೆಳೆದ ನುಸಿಗೆ ಎಂಟು. ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಇದು ಸೇರಿದ್ದು. ನಾಯಿಬೆಕ್ಕುಗಳ ಕಿವಿಯಲ್ಲಿ ವಾಸಿಸುವ ನುಸಿಗೆ ಶಾಸ್ತ್ರಜ್ಞರು ಒಟೊಡೆಕ್ಟಿಸ್ ಸೈನೋಟಿಸ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಿಂದ ಬಂದ ಈ ಹೆಸರಿನಲ್ಲಿ ಮೊದಲನೆಯ ಪದದ ಅರ್ಥ ಕಿವಿಯನ್ನು ಕಚ್ಚುವುದು ಎಂದು, ಎರಡನೆಯದರ ಅರ್ಥ ನಾಯಿಯ ಕಿವಿಯದು ಎಂದು. ಜರ್ಮನಿಯ ಪಶುವೈದ್ಯ ಹೇರಿಂಗ್ ಎಂಬಾತ 1838ರಲ್ಲಿ ಇದನ್ನು ವರ್ಣಿಸಿದನು. ಹೆಸರಿನಲ್ಲಿ ನಾಯಿಯಿದ್ದರೂ ಇದರ ಮುಖ್ಯ ನೆಲೆ ಬೆಕ್ಕು. ಬೆಕ್ಕುಗಳಲ್ಲಿ ಕಾಣುವ ಹೊರಗಿವಿಯ ಉರಿಯೂತದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಈ ನುಸಿಯಿಂದ ಬಂದುದು. ನಾಯಿಗಳಲ್ಲಾದರೋ ಹತ್ತರಲ್ಲೊಂದಕ್ಕಿಂತ ಹೆಚ್ಚಿಲ್ಲವೆಂದು ಪಶುವೈದ್ಯಗ್ರಂಥಗಳು ಹೇಳುತ್ತವೆ. ಈ ಎರಡು ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಕಿವಿ ಕೆರೆದುಕೊಳ್ಳುವ ನಾಯಿಯನ್ನು ಕಂಡೊಡನೆ ‘ನುಸಿ’ ಎಂದುಬಿಡುವವನು ಹತ್ತರಲ್ಲಿ ಒಂಬತ್ತು ಸಲ ತಪ್ಪುತ್ತಾನೆ.

ಈ ನುಸಿಯು ಕಜ್ಜಿಯ ನುಸಿಯಂತೆ ಚರ್ಮದೊಳಗೆ ಬಿಲ ತೋಡುವುದಿಲ್ಲ. ಕರ್ಣನಾಳದ ಚರ್ಮದ ಮೇಲೆಯೇ ಓಡಾಡಿಕೊಂಡು, ಉದುರಿದ ಚರ್ಮದ ಚೂರುಗಳನ್ನೂ ಅಲ್ಲಿ ಒಸರುವ ರಸವನ್ನೂ ತಿಂದು ಬಾಳುತ್ತದೆ. ಅದರ ಓಡಾಟದಿಂದಲೂ ಕಡಿತದಿಂದಲೂ ಚರ್ಮ ಕೆರಳಿ, ಗುಗ್ಗೆಯನ್ನು ಸ್ರವಿಸುವ ಗ್ರಂಥಿಗಳು ಹೆಚ್ಚು ಕೆಲಸಮಾಡತೊಡಗುತ್ತವೆ. ಗುಗ್ಗೆ, ಒಣಗಿದ ರಕ್ತ, ನುಸಿಯ ಹಿಕ್ಕೆ, ಸತ್ತ ಚರ್ಮ, ಇವೆಲ್ಲ ಬೆರೆತು ಆಗುವುದೇ ಆ ಕಾಫಿಪುಡಿಯಂಥ ಕಸ. ಹೆಣ್ಣು ಇಟ್ಟ ಮೊಟ್ಟೆ ಸುಮಾರು ನಾಲ್ಕು ದಿನಗಳಲ್ಲಿ ಒಡೆದು ಆರು ಕಾಲಿನ ಮರಿ ಹೊರಬರುತ್ತದೆ. ಅದು ಎಂಟು ಕಾಲಿನ ಎರಡು ಎಳೆಯ ಹಂತಗಳನ್ನು ದಾಟಿ ಪ್ರಾಯಕ್ಕೆ ಬರಲು ಒಟ್ಟು ಮೂರು ವಾರಗಳಷ್ಟು ಕಾಲ ಹಿಡಿಯುತ್ತದೆ. ಜೀವನವೆಲ್ಲವೂ ಕಿವಿಯಲ್ಲೇ ಕಳೆಯುವುದು. ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೋಗುವುದು ಮೈಗೆ ಮೈ ತಗುಲಿದಾಗ: ತಾಯಿಯಿಂದ ಮರಿಗೆ, ಒಂದೇ ಗೋಣಿಯ ಮೇಲೆ ಮಲಗುವ ಬೆಕ್ಕಿನಿಂದ ನಾಯಿಗೆ.

ಈಗ ಭೌತಶಾಸ್ತ್ರದ ಕಡೆಗೆ ಬರೋಣ. ಬೆಳೆದ ನುಸಿಯ ಉದ್ದ 0.3ರಿಂದ 0.5 ಮಿಲಿಮೀಟರು. ಇದು ಬರಿಗಣ್ಣಿಗೆ ಕಾಣುವುದೋ ಇಲ್ಲವೋ? ನಮ್ಮ ಕಣ್ಣು ಎರಡು ಬಿಂದುಗಳನ್ನು ಬೇರೆಬೇರೆಯೆಂದು ಗುರುತಿಸಬೇಕಾದರೆ ಅವುಗಳ ನಡುವಣ ಕೋನ ಸುಮಾರು ಒಂದು ಮಿನಿಟಾದರೂ ಇರಬೇಕು, ಎಂದರೆ ಡಿಗ್ರಿಯ ಅರುವತ್ತನೆಯ ಒಂದು ಭಾಗ. ಸ್ಪಷ್ಟದೃಷ್ಟಿಯ ಕನಿಷ್ಠ ದೂರವಾದ 25 ಸೆಂಟಿಮೀಟರಿನಲ್ಲಿ ಈ ಕೋನಕ್ಕೆ ಸರಿಹೋಗುವ ಅಂತರ 0.07 ಮಿಲಿಮೀಟರು. ನುಸಿಯು ಇದರ ಐದಾರು ಪಟ್ಟು ದೊಡ್ಡದು. ಆದುದರಿಂದ ಅದು ಒಂದು ಚುಕ್ಕೆಯಾಗಿ ಬರಿಗಣ್ಣಿಗೂ ಕಾಣಲೇಬೇಕು. ಕಾಲು ಮೀಸೆಗಳು ಕಾಣಲಾರವು. ಹಾಗಿದ್ದೂ ಜನರಿಗೆ ಏಕೆ ಕಾಣುವುದಿಲ್ಲ? ಗುಗ್ಗೆಯ ರಾಶಿಯಲ್ಲಿ ಬೆಳಕು ಕಡಮೆ, ಮಬ್ಬು ಬಣ್ಣಗಳ ನೂರು ಚೂರುಗಳು ಬೇರೆ. ಅದೇ ನುಸಿಯನ್ನು ಕಪ್ಪು ಕಾಗದದ ಮೇಲೆ ಕೊಡವಿ ಬಿಸಿಲಿಗೆ ಹಿಡಿದರೆ ಅದರ ಮುತ್ತಿನಂಥ ಬಿಳುಪು ಎದ್ದು ಕಾಣುತ್ತದೆ. ಅದಕ್ಕಿಂತ ಮುಖ್ಯವಾದುದು, ಬಿಸಿಲಿನ ಬಿಸುಪಿಗೆ ಅದು ಚಲಿಸತೊಡಗುತ್ತದೆ. ನಮ್ಮ ಕಣ್ಣು ನಿಶ್ಚಲವಾದ ಚುಕ್ಕೆಯನ್ನು ಸುಲಭವಾಗಿ ಬಿಟ್ಟುಬಿಡುತ್ತದೆ, ಚಲಿಸುವ ಚುಕ್ಕೆಯನ್ನು ಬಿಡದು.

ಇನ್ನು ಕೈಯಲ್ಲೊಂದು ಭೂತಗನ್ನಡಿಯಿದ್ದರಂತೂ ಸರಿಯೇ ಸರಿ. ಜಾತ್ರೆಯಲ್ಲಿ ಸಿಗುವ ಸಾಧಾರಣ ಭೂತಗನ್ನಡಿಯ ನಾಭಿದೂರ ಹತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ವರ್ಧನವು 25ನ್ನು ನಾಭಿದೂರದಿಂದ ಭಾಗಿಸಿ ಒಂದನ್ನು ಕೂಡಿಸಿದಷ್ಟು, ಅಂದರೆ ಮೂರೂವರೆ ಪಟ್ಟು. ಐದು ಸೆಂಟಿಮೀಟರು ನಾಭಿದೂರದ ಮಸೂರವಾದರೆ ಆರು ಪಟ್ಟು. ಆಗ 0.4 ಮಿಲಿಮೀಟರಿನ ನುಸಿ 2.4 ಮಿಲಿಮೀಟರಿನಷ್ಟು, ಎಂದರೆ ಎಳ್ಳುಕಾಳಿಗಿಂತ ತುಸು ಸಣ್ಣದಾಗಿ ಕಾಣುತ್ತದೆ. ಅದನ್ನು ನುಸಿಯೆಂದು ಹೇಳಲು ಇಷ್ಟು ಸಾಕು. ಯಾವ ನುಸಿಯೆಂದು ಹೇಳಲು ಸೂಕ್ಷ್ಮದರ್ಶಕ ಬೇಕು.

ಸೂಕ್ಷ್ಮದರ್ಶಕವಿದ್ದ ನಾವು ಏಕೆ ಸೋತೆವು? ಎರಡು ತಪ್ಪು ಮಾಡಿದ್ದೆವು. ಹೆಚ್ಚು ವರ್ಧನದಲ್ಲಿ ಕಾಣುವ ಕ್ಷೇತ್ರ ಬಹಳ ಕಿರಿದು. ಹೊಲದಲ್ಲಿ ಕಳೆದ ಉಂಗುರವನ್ನು ಕೊಳವೆಯಲ್ಲಿ ಕಣ್ಣಿಟ್ಟು ಹುಡುಕಿದಂತೆ. ನಾಲ್ಕು ಪಟ್ಟಿನ ಮಸೂರವೇ ಇದಕ್ಕೆ ತಕ್ಕದ್ದು. ಎರಡನೆಯ ತಪ್ಪನ್ನು ಹೇಳಿಕೊಳ್ಳಲು ನಮಗೆ ನಾಚಿಕೆ, ಏಕೆಂದರೆ ಅದು ನಾವು ವರ್ಷವರ್ಷವೂ ಪಾಠ ಹೇಳುವ ವಿಷಯ. ಒಣ ಗುಗ್ಗೆಯ ಚೂರುಗಳ ಮಧ್ಯೆ ಗಾಳಿ ತುಂಬಿರುತ್ತದೆ. ಗಾಳಿಯ ವಕ್ರೀಭವನಾಂಕ 1, ಗುಗ್ಗೆ ಚರ್ಮಗಳದು ಸುಮಾರು ಒಂದೂವರೆ. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಅಡ್ಡಾದಿಡ್ಡಿಯಾಗಿ ಚದರಿ, ಕೆಳಗಿನಿಂದ ಬಂದ ಕಿರಣಗಳು ಕಣ್ಣಿಗೆ ತಲುಪುವುದೇ ಇಲ್ಲ. ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನು ನೋಡಿರಿ: ಎಣ್ಣೆ ಹತ್ತಿದ ಕಡೆಯಲ್ಲಿ ಅದರ ಹಿಂದಿನ ಅಕ್ಷರಗಳೂ ಕಾಣುತ್ತವೆ. ಕಾಗದದ ನಾರುಗಳ ನಡುವಣ ಗಾಳಿಯನ್ನು ಓಡಿಸಿ ಎಣ್ಣೆ ಕುಳಿತಿತು; ಎಣ್ಣೆಯ ವಕ್ರೀಭವನಾಂಕ ನಾರಿನದಕ್ಕೆ ಹತ್ತಿರವಾದುದರಿಂದ ಬೆಳಕು ಚದರದೆ ಸಾಗಿತು. ಗುಗ್ಗೆಗೂ ಇದೇ ಉಪಾಯ. ಒಂದು ಹನಿ ಲಿಕ್ವಿಡ್ ಪ್ಯಾರಫಿನ್ನು, ಅದಿಲ್ಲದಿದ್ದರೆ ಸೋಸಿದ ಕೊಬ್ಬರಿ ಎಣ್ಣೆ, ಗಾಜಿನ ಮೇಲೆ ಹಾಕಿ, ಅದರಲ್ಲಿ ಚೂರನ್ನು ಸೂಜಿಯಿಂದ ಬಿಡಿಸಿ, ಮೇಲೆ ತೆಳುಗಾಜು ಮುಚ್ಚಬೇಕು. ಕಪ್ಪು ಬೆಟ್ಟ ಜೇನುತುಪ್ಪದ ಬಣ್ಣಕ್ಕೆ ತಿರುಗಿ ಪಾರದರ್ಶಕವಾಗುತ್ತದೆ. ಅದರಲ್ಲಿ ನುಸಿಗಳು, ಅವುಗಳ ಮೊಟ್ಟೆಗಳು, ಒಡೆದ ಚಿಪ್ಪುಗಳು ಎಲ್ಲ ಕಾಣುತ್ತವೆ. ನೀರನ್ನು ಹಾಕಬಾರದು, ಗುಗ್ಗೆ ಜಿಡ್ಡಿನದಾದುದರಿಂದ ನೀರು ಅದರೊಳಕ್ಕೆ ಹೋಗುವುದಿಲ್ಲ.

ನಾವು ತಪ್ಪನ್ನು ಅರಿತದ್ದು ಮರುದಿನ, ಪುಸ್ತಕವನ್ನು ತೆರೆದಾಗ. ಬೆಂಕಿಪೆಟ್ಟಿಗೆಯನ್ನು ಕಸದ ಬುಟ್ಟಿಗೆ ಹಾಕಿಯಾಗಿತ್ತು. ಮುಂದಿನ ಭಾನುವಾರ ಭೂತಗನ್ನಡಿಯನ್ನೂ ಕಪ್ಪು ಕಾಗದವನ್ನೂ ತೆಗೆದುಕೊಂಡು ನಾವೇ ತುಳಸಿಗೇರಿಗೆ ಹೋದೆವು.

ನಾಯಿಯ ಸ್ಥಿತಿಯನ್ನು ನೋಡಿ ಮನಸ್ಸು ಕಲಕಿತು. ಬಲಗಿವಿಯ ಹಾಲೆ ಪೂರಿಯಂತೆ ಊದಿತ್ತು. ಇದನ್ನು ಅನೇಕರು ಕುರುವೆಂದು ತಿಳಿದು ಬಿಸಿ ಸೂಜಿಯಿಂದ ಚುಚ್ಚುವುದುಂಟು. ಅದು ಕುರುವಲ್ಲ, ರಕ್ತದ ಗಂಟು. ಅದು ಹೇಗೆ ಆಗುತ್ತದೆಂಬುದಕ್ಕೆ ಒಂದು ಚಿಕ್ಕ ಲೆಕ್ಕ. ಅಮೆರಿಕದ ಜಾರ್ಜಿಯ ತಾಂತ್ರಿಕ ವಿದ್ಯಾಲಯದವರು ನೆನೆದ ಪ್ರಾಣಿಗಳು ಮೈಕೊಡವುವುದನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದೊಡ್ಡ ನಾಯಿಗಳು ಸೆಕೆಂಡಿಗೆ ನಾಲ್ಕೈದು ಸಲ ಕೊಡವುತ್ತವೆ, ಸುಂಡಿಲಿಯು ಮೂವತ್ತರಷ್ಟು ಸಲ. ನಮ್ಮ ನಾಯಿಗೆ ನಾಲ್ಕೂವರೆ ಎಂದಿಟ್ಟುಕೊಂಡು, ತಲೆಯು ಎರಡು ಕಡೆಗೂ ಒಂದು ರೇಡಿಯನ್ನಿನಷ್ಟು, ಎಂದರೆ ಅರುವತ್ತು ಡಿಗ್ರಿಗೆ ತುಸು ಕಡಮೆ, ಹೊರಳುತ್ತದೆಂದು ಭಾವಿಸೋಣ. ಆಗ ಗರಿಷ್ಠ ಕೋನವೇಗ ಸೆಕೆಂಡಿಗೆ 28 ರೇಡಿಯನ್. ಕಿವಿಯ ತುದಿ ಅಕ್ಷದಿಂದ 12 ಸೆಂಟಿಮೀಟರು ದೂರದಲ್ಲಿದ್ದರೆ ಅಲ್ಲಿಯ ಕೇಂದ್ರಾಭಿಮುಖ ವೇಗೋತ್ಕರ್ಷ 28ರ ವರ್ಗವನ್ನು 0.12ರಿಂದ ಗುಣಿಸಿದಷ್ಟು: ಸೆಕೆಂಡಿನ ವರ್ಗಕ್ಕೆ 94 ಮೀಟರು. ಗುರುತ್ವದ ಸುಮಾರು ಹತ್ತು ಪಟ್ಟು! ಕಿವಿಯ ತುದಿಯ ಪ್ರತಿಯೊಂದು ಗ್ರಾಮೂ ಆ ಕ್ಷಣದಲ್ಲಿ ಹತ್ತು ಗ್ರಾಮಿನಂತೆ ಜಗ್ಗುತ್ತದೆ. ಮೇಲಾಗಿ ಹಾಲೆಯು ತಲೆಬುರುಡೆಗೆ ಫಟ್ಟನೆ ಬಡಿಯುತ್ತದೆ. ದಿನಕ್ಕೆ ನೂರಾರು ಸಲ ಹೀಗಾದರೆ ಹಾಲೆಯೊಳಗಿನ ಕಿರು ರಕ್ತನಾಳಗಳು ಹರಿದು, ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬುವುದರಲ್ಲಿ ಆಶ್ಚರ್ಯವೇನು? ಗಂಟು ನುಸಿಯ ಕಡಿತದಿಂದ ನೇರವಾಗಿ ಆದುದಲ್ಲ, ನಾಯಿಯೇ ಮಾಡಿಕೊಂಡದ್ದು. ಆದುದರಿಂದ ಗಂಟನ್ನು ನೋಡಿ ನುಸಿಯಿದೆಯೆಂದೂ ಹೇಳುವಂತಿಲ್ಲ. ಯಾವ ಕಾರಣದಿಂದ ಕಿವಿ ಕೊಡವಿದರೂ ಗಂಟು ಬರಬಹುದು.

ಅಜ್ಜನವರು ನಾಯಿಯ ಕಿವಿಯ ಬುಡವನ್ನು ಬೆರಳಿನಿಂದ ತಿಕ್ಕಿ ತೋರಿಸಿದರು. ಒಡನೆಯೇ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯತೊಡಗಿತು. ಇದೊಂದು ಅನೈಚ್ಛಿಕ ಪ್ರತಿಕ್ರಿಯೆ. ಕಿವಿಯಲ್ಲಿ ನವೆಯಿದೆಯೆಂಬುದಕ್ಕೆ ಗುರುತೇ ಹೊರತು ನುಸಿಗೆ ಗುರುತಲ್ಲ. ಮೈಯ ಕಜ್ಜಿಯಲ್ಲಿಯೂ ಹೀಗೆಯೇ ಆಗುತ್ತದೆ.

ನಾಯಿಯ ಕಿವಿಯಿಂದ ಹತ್ತಿಗೆ ಬಂದ ಕಸವನ್ನು ಕಪ್ಪು ಕಾಗದದ ಮೇಲೆ ಹರಡಿ ಬಿಸಿಲಿನಲ್ಲಿಟ್ಟು ಹತ್ತು ನಿಮಿಷ ಕಾದೆವು. ಏನೂ ಅಲುಗಲಿಲ್ಲ. ಎರಡನೆಯ ಸಲವೂ ಸೋಲಾಯಿತೆಂದು ನಾವು ಎದ್ದೇಳುವುದರಲ್ಲಿದ್ದೆವು. ಆಗ ಒಲೆಯ ಪಕ್ಕದಿಂದ ಮನೆಯ ಬೆಕ್ಕು ಬಂದು ನಾಯಿಯ ಹೊಟ್ಟೆಗೊರಗಿ ಮಲಗಿತು. ಅದಕ್ಕೆ ನವೆಯ ಸುಳಿವೇ ಇರಲಿಲ್ಲ. ಎಂದೋ ಒಮ್ಮೆ ಕಿವಿ ಅಲುಗಿಸುವುದು, ಅಷ್ಟೆ. ಅದರ ಕಿವಿಯನ್ನು ಹೊರಳಿಸಿ ನೋಡಿದರೆ ಒಳಗೆಲ್ಲ ಕಪ್ಪು ಪುಡಿ! ಕಡ್ಡಿಗೆ ಸುತ್ತಿದ ಹತ್ತಿಯನ್ನು ಹೊರಬಾಯಿಗೆ ಮಾತ್ರ ತಾಗಿಸಿ ಕಾಗದದ ಮೇಲೆ ಕೊಡವಿದೆವು. ಅರ್ಧ ನಿಮಿಷವೂ ಕಳೆದಿರಲಿಲ್ಲ, ಬಿಳಿಯ ಚುಕ್ಕೆಗಳು ಕಸದಿಂದ ಹೊರಬಿದ್ದು ನಾಲ್ಕೂ ಕಡೆಗೆ ಹರಿದುಹೋಗತೊಡಗಿದವು. ಭೂತಗನ್ನಡಿಯನ್ನು ಅಜ್ಜನವರ ಕೈಗೆ ಕೊಟ್ಟೆವು. ಅವರು ಬಹಳ ಹೊತ್ತು ನೋಡಿ, “ಅಲ್ಲೋ ತಮ್ಮಾ, ನಾಯೀಗೆ ಎಣ್ಣಿ ಹಾಕಿಕೋತ ಕುಂತೆ ನಾನು, ಹುಳ ಸಾಕಿದ್ದು ಈ ಬೆಕ್ಕು,” ಎಂದರು.

ನುಸಿ ತುಂಬಿದ ಬೆಕ್ಕು ಸುಖವಾಗಿ ಮಲಗಿದೆ, ನುಸಿ ಕಾಣದ ನಾಯಿ ನರಳುತ್ತಿದೆ. ಇದು ಹೇಗೆ? ನವೆಯು ನುಸಿಗಳ ಸಂಖ್ಯೆಗೆ ಅನುಗುಣವಾಗಿ ಇರುವುದಿಲ್ಲ. ನುಸಿಯ ಜೊಲ್ಲಿಗೂ ಹಿಕ್ಕೆಗೂ ಒಂದೊಂದು ಮೈ ಒಂದೊಂದು ಬಗೆಯಲ್ಲಿ ಪ್ರತಿಕ್ರಿಯೆ ತೋರುತ್ತದೆ. ಕೆಲವು ನಾಯಿಗಳು ನಾಲ್ಕೈದು ನುಸಿಗಳಿಗೇ ಹುಚ್ಚೆದ್ದು ಕೆರೆದುಕೊಳ್ಳುತ್ತವೆ. ಕೆಲವು ಬೆಕ್ಕುಗಳು ನೂರಾರನ್ನು ಹೊತ್ತುಕೊಂಡು ತಿರುಗುತ್ತವೆ. ನಾಲ್ಕೈದೇ ಇದ್ದಾಗ ನಮ್ಮ ಹತ್ತಿಗೆ ಅವು ಸಿಕ್ಕುವ ಸಂಭವ ಕಡಮೆಯೆಂಬುದು ಸ್ಪಷ್ಟ. ಆದುದರಿಂದ ನುಸಿ ಕಂಡರೆ ಇದೆಯೆಂದು ಹೇಳಬಹುದು. ಕಾಣದಿದ್ದರೆ ಇಲ್ಲವೆಂದು ಹೇಳಬಾರದು. ಜೊತೆಗಿರುವ ಎಲ್ಲ ಪ್ರಾಣಿಗಳ ಕಿವಿಗಳನ್ನೂ ನೋಡಬೇಕು, ಅದರಲ್ಲಿಯೂ ಯಾವುದಕ್ಕೆ ತೊಂದರೆಯಿಲ್ಲವೋ ಅದನ್ನು.

ಪ್ರಾಣಿಗೆ ಏನಾಗುತ್ತದೆಂದು ಪ್ರಾಣಿ ಹೇಳದು. ಅದನ್ನು ತಿಳಿಯುವ ಹಟದಿಂದ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಪಶುವೈದ್ಯ ರಾಬರ್ಟ್ ಲೋಪೆಜ್ ಎಂಬುವರು ಬೆಕ್ಕಿನ ಕಿವಿಯ ನುಸಿಗಳನ್ನು ತೆಗೆದು ತಮ್ಮ ಎಡಗಿವಿಗೇ ಹಾಕಿಕೊಂಡರು! 1993ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಅವರು ಇದನ್ನು ಬರೆದರು. ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗೆಂದು ಕೊಡುವ ಇಗ್ ನೊಬೆಲ್ ಬಹುಮಾನ 1994ರಲ್ಲಿ ಅವರಿಗೆ ಬಂದಿತು. ನುಸಿಗಳು ಕಿವಿಯೊಳಗೆ ಗೀಚುವ, ಹರಿದಾಡುವ ಸದ್ದು ಅವರಿಗೆ ಕೇಳಿಸಿತಂತೆ. ರಾತ್ರಿ ಹೊತ್ತು ಏರಿದಂತೆ ಸದ್ದೂ ನವೆಯೂ ಹೆಚ್ಚಿ ನಿದ್ರೆಯೇ ಇಲ್ಲದಾಯಿತಂತೆ. ಇದನ್ನು ಓದಿ ನಕ್ಕವರುಂಟು. ನಮಗೆ ಮಾತ್ರ ತುಳಸಿಗೇರಿಯ ನಾಯಿಯ ನಡುರಾತ್ರಿಯ ಕಿವಿಬಡಿತ ನೆನಪಾಯಿತು. ಅಷ್ಟು ಸಣ್ಣ ಜೀವಿಯ ನಡಿಗೆ ಕೇಳಿಸುವುದು ಸಾಧ್ಯವೆ ಎಂದು ಶಂಕಿಸಬೇಕಾಗಿಲ್ಲ. ಮನುಷ್ಯನಿಗೆ ಕೇಳಿಸುವ ಅತಿ ಕ್ಷೀಣ ಶಬ್ದದಲ್ಲಿ ಕಿವಿಯ ತಮಟೆ ಕಂಪಿಸುವ ದೂರ ಒಂದು ಹೈಡ್ರೊಜನ್ ಪರಮಾಣುವಿನ ವ್ಯಾಸಕ್ಕಿಂತಲೂ ಕಡಮೆ. ಅಂಥ ತಮಟೆಯ ಹತ್ತಿರವೇ ಎಂಟು ಕಾಲುಗಳು ಓಡಾಡಿದರೆ ಕೇಳಿಸದಿರುವುದು ಹೇಗೆ? ಲೋಪೆಜ್ ಇನ್ನೂ ಎರಡು ಸಲ ಇದನ್ನೇ ಮಾಡಿದರು; ಸಲದಿಂದ ಸಲಕ್ಕೆ ಬಾಧೆ ಕಡಮೆಯಾಯಿತು. ನುಸಿಗಳು ಮನುಷ್ಯನಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ವಾಚಕರಲ್ಲಿ ಯಾರೂ ಈ ಪ್ರಯೋಗವನ್ನು ಮಾಡತಕ್ಕದ್ದಲ್ಲ.

ತುಳಸಿಗೇರಿಯಲ್ಲಿ ನಾವು ಕಲಿತ ಇನ್ನೊಂದು ಪಾಠ ಪಕ್ಕದ ಮನೆಯದು. ನಮ್ಮ ಕಪ್ಪು ಕಾಗದದ ಸುದ್ದಿ ಹಬ್ಬಿ ಆ ಮನೆಯವರೂ ತಮ್ಮ ನಾಯಿಯನ್ನು ಹಿಡಿದು ತಂದರು. ಅದೂ ಕಿವಿ ಕೊಡವುತ್ತಿತ್ತು, ತಲೆಯನ್ನು ಎಡಕ್ಕೆ ವಾಲಿಸಿಕೊಂಡಿತ್ತು. “ನಮ್ಮದಕ್ಕೂ ಹುಳದ ಔಷಧ ಬರೆದುಕೊಡ್ರಿ,” ಎಂದರು. ನಾವು ವೈದ್ಯರಲ್ಲವೆಂದು ಹೇಳಿ, ಎರಡೂ ನಾಯಿಗಳನ್ನೂ ಬೆಕ್ಕನ್ನೂ ಮರುದಿನ ಪಶುವೈದ್ಯರಲ್ಲಿಗೆ ಕರೆದೊಯ್ಯುವಂತೆ ಮಾಡಿದೆವು. ಬೆಕ್ಕನ್ನು ಕೈಚೀಲದಲ್ಲಿ ಹಾಕಿ ತರಬೇಕಾಯಿತು. ಪಕ್ಕದ ಮನೆಯ ನಾಯಿಯ ಎಡಗಿವಿಯಿಂದ ವೈದ್ಯರು ಇಕ್ಕಳದಿಂದ ಹೊರಗೆ ತೆಗೆದದ್ದು ಮುಳ್ಳಿನಂಥ ಒಂದು ಹುಲ್ಲಿನ ತೆನೆ! ಅದರ ಕೂದಲುಗಳು ಹಿಮ್ಮುಖವಾಗಿರುವುದರಿಂದ ಪ್ರತಿ ಅಲುಗಾಟಕ್ಕೂ ಅದು ಮುಂದಕ್ಕೇ ಹೋಗುತ್ತದೆ, ಹಿಂದಕ್ಕೆ ಬರದು. ಇನ್ನು ಕೆಲವು ದಿನ ಬಿಟ್ಟಿದ್ದರೆ ತಮಟೆಯನ್ನು ತೂತುಮಾಡುತ್ತಿತ್ತು ಎಂದು ವೈದ್ಯರು ಹೇಳಿದರು. ಆ ಕಿವಿಗೆ ನುಸಿಯ ಔಷಧವನ್ನು ಎಷ್ಟು ಹಾಕಿದ್ದರೆ ಏನಾಗುತ್ತಿತ್ತು?

ಈ ಬಗೆಯ ಭೇದಗಳನ್ನು ಹೊರಗಿನಿಂದ ಸ್ವಲ್ಪಮಟ್ಟಿಗೆ ಊಹಿಸಬಹುದು. ಹುಲ್ಲಿನ ತೆನೆಯಾದರೆ ಸಾಮಾನ್ಯವಾಗಿ ಒಂದೇ ಕಿವಿ, ಅದೂ ಹೊಲಕ್ಕೆ ಹೋಗಿ ಬಂದಮೇಲೆ ಥಟ್ಟನೆ. ನುಸಿಯಾದರೆ ಹೆಚ್ಚಾಗಿ ಎರಡೂ ಕಿವಿ, ಮರಿಗಳಲ್ಲಿ ಹೆಚ್ಚು, ಕಸ ಒಣಗಿ ಪುಡಿಪುಡಿಯಾಗಿರುತ್ತದೆ. ಮ್ಯಾಲಸೀಜಿಯ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ಬೆಳೆದಿದ್ದರೆ ಗುಗ್ಗೆ ಕಂದು ಬಣ್ಣದ್ದೇ ಆದರೂ ಜಿಡ್ಡುಜಿಡ್ಡಾಗಿ, ಹುಳಿತ ವಾಸನೆ ಬರುತ್ತದೆ. ಬ್ಯಾಕ್ಟೀರಿಯಗಳಾದರೆ ಹಳದಿ ಕೀವು, ದುರ್ನಾತ, ಮುಟ್ಟಿದರೆ ನೋವು. ಉಣ್ಣೆಯು ಒಳಗೆ ಕಚ್ಚಿಕೊಂಡಿರುವುದೂ ಉಂಟು. ಆದರೆ ಇವು ಒಂದರ ಮೇಲೊಂದು ಬರುತ್ತವೆ: ನುಸಿ ಮೊದಲು ಬಂದು ಚರ್ಮ ಕೆಡಿಸಿ ಹೋದಮೇಲೆ ಶಿಲೀಂಧ್ರ ಬ್ಯಾಕ್ಟೀರಿಯಗಳು ಬಂದು ನೆಲೆಸುತ್ತವೆ. ಆಗ ಬಣ್ಣವಾಸನೆಗಳ ಲೆಕ್ಕ ಕೈಕೊಡುತ್ತದೆ. ನಮ್ಮಲ್ಲಿ ಆಡುಗಳ ಕಿವಿಯಲ್ಲಿಯೂ ಮೊಲದ ಕಿವಿಯಲ್ಲಿಯೂ ಹೊಪ್ಪಳೆಗಟ್ಟಿಸುವ ನುಸಿಯೊಂದಿದೆ. ಅದರ ಜಾತಿ ಸೋರಾಪ್ಟಿಸ್, ಬೇರೆಯದೇ. ಸೂಕ್ಷ್ಮದರ್ಶಕದಲ್ಲಿ ಕಾಲಿನ ತುದಿಯ ಹೀರುಬಟ್ಟಲನ್ನು ನೋಡಿದರೆ ಭೇದ ತಿಳಿಯುತ್ತದೆ: ಸೋರಾಪ್ಟಿಸಿನ ಬಟ್ಟಲಿನ ತೊಟ್ಟು ಉದ್ದವಾಗಿ, ಗಿಣ್ಣುಗಿಣ್ಣಾಗಿರುತ್ತದೆ, ಒಟೊಡೆಕ್ಟಿಸಿನದು ಗಿಡ್ಡ, ಗಿಣ್ಣಿಲ್ಲದ್ದು.

ಕಿವಿಯೊಳಗನ್ನು ನಾವೇ ಏಕೆ ನೋಡಬಾರದು ಎಂದು ಕೇಳಬಹುದು. ಬೆಳಕು ಸರಳರೇಖೆಯಲ್ಲಿ ಸಾಗುತ್ತದೆಂಬುದೇ ಉತ್ತರ. ಮನುಷ್ಯನ ಕರ್ಣನಾಳ ಎರಡೂವರೆ ಸೆಂಟಿಮೀಟರು ಉದ್ದವಾಗಿ ಹೆಚ್ಚುಕಡಮೆ ನೇರವಾಗಿದೆ. ನಾಯಿಯದು ಮೊದಲು ಕೆಳಕ್ಕೆ ಇಳಿದು, ಆಮೇಲೆ ಮೊಳಕೈಯಂತೆ ಬಾಗಿ ತಲೆಯ ಒಳಕ್ಕೆ ಹೊರಳುತ್ತದೆ. ತಮಟೆಯಿರುವುದು ಆ ಮೊಳಕೈಯ ಆಚೆಗೆ. ವೈದ್ಯರು ಹಾಲೆಯನ್ನು ನಯವಾಗಿ ಹೊರಕ್ಕೆ ಜಗ್ಗಿ ನಾಳವನ್ನು ನೇರಮಾಡಿ, ದೀಪವುಳ್ಳ ಓಟೊಸ್ಕೋಪ್ ಎಂಬ ಉಪಕರಣವನ್ನು ಇಳಿಸಿ ನೋಡುತ್ತಾರೆ. ಕಡ್ಡಿಗೆ ಹತ್ತಿ ಸುತ್ತಿ ಆಳಕ್ಕೆ ಹಾಕಿದವನು ಗುಗ್ಗೆಯನ್ನು ಹೊರತೆಗೆಯುವ ಬದಲು ತಮಟೆಯವರೆಗೆ ದೂಡಿ ಗಟ್ಟಿಮಾಡುತ್ತಾನೆ. ತಮಟೆಯು ತೂತಾಗಿದ್ದರಂತೂ ಕಿವಿಗೆ ಹಾಕಿದ ಔಷಧ ಒಳಗಿವಿಗೆ ಇಳಿದು ಶಾಶ್ವತವಾಗಿ ಕಿವುಡಾಗಬಹುದು, ನಡಿಗೆಯ ಸಮತೋಲವೂ ತಪ್ಪಬಹುದು. ಅಜ್ಜನವರ ಎಣ್ಣೆಯ ವಿಷಯದಲ್ಲಿ ನಮಗಿದ್ದ ಅಂಜಿಕೆ ಇದೇ. ವೈದ್ಯರು ನೋಡಿ, ನಾಯಿಯ ತಮಟೆ ಎರಡು ಕಡೆಯೂ ಸರಿಯಾಗಿದೆಯೆಂದಾಗ ಆ ಮುದುಕರು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾಯಿಯ ನಾಳದ ಮೊಳಕೈಯಲ್ಲಿ ಎರಡೇ ಎರಡು ನುಸಿಗಳು ಓಡಾಡುವುದನ್ನೂ ವೈದ್ಯರು ನಮಗೆ ತೋರಿಸಿದರು.

ಚಿಕಿತ್ಸೆ ಈಗ ಕಷ್ಟದ್ದಲ್ಲ. ಸೆಲಾಮೆಕ್ಟಿನ್, ಮಾಕ್ಸಿಡೆಕ್ಟಿನ್ ಎಂಬ ಔಷಧಗಳ ಕೆಲವು ಹನಿಗಳನ್ನು ಕತ್ತಿನ ಹಿಂದಿನ ಚರ್ಮದ ಮೇಲೆ ಬಿಟ್ಟರೆ ಸಾಕು, ಅವು ಮೈಯೆಲ್ಲ ಹರಡಿ ಕಿವಿಯ ನುಸಿಯನ್ನು ಕೊಲ್ಲುತ್ತವೆ. ಐವರ್ಮೆಕ್ಟಿನ್ ಇವುಗಳ ಬಂಧು. ಜಪಾನಿನ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಬಂದ ಈ ಔಷಧಕ್ಕಾಗಿ ಸತೋಶಿ ಒಮುರ, ವಿಲಿಯಂ ಕ್ಯಾಂಬೆಲ್ ಇಬ್ಬರೂ 2015ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧವನ್ನು ಹಂಚಿಕೊಂಡರು. ಆದರೆ ಇದನ್ನು ದನದ ಔಷಧದ ಸೀಸೆಯಿಂದ ಅಂದಾಜಿನ ಮೇಲೆ ನಾಯಿಗೆ ಕೊಡುವುದು ಅಪಾಯ. ಕೋಲಿ ಮುಂತಾದ ಕೆಲವು ತಳಿಗಳಲ್ಲಿ ಅದು ಮಿದುಳಿಗೆ ನುಗ್ಗಿ ಪ್ರಾಣ ತೆಗೆಯುತ್ತದೆ. ನಾಯಿಯ ಚಿಗಟಕ್ಕೆಂದು ಮಾರುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಯಾವ ಪ್ರಾಣಿಗೆ ಯಾವುದು, ಎಷ್ಟು ಎಂಬುದು ವೈದ್ಯರ ಕೆಲಸ. ಎಲ್ಲ ಪ್ರಾಣಿಗಳಿಗೂ ಒಂದೇ ದಿನ ಔಷಧವಾಗಬೇಕು. ಮೊಟ್ಟೆಗಳು ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲವಾದುದರಿಂದ ಅವು ಒಡೆದು ಹೊರಬರುವ ಮರಿಗಳೂ ಸಾಯುವವರೆಗೆ, ಎಂದರೆ ಮೂರು ನಾಲ್ಕು ವಾರ, ಅದರ ಪ್ರಭಾವ ನಿಲ್ಲಬೇಕು. ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದನ್ನೂ ಮರೆಯಬಾರದು. ಪ್ರಾಣಿಯ ಮೈಯನ್ನು ಬಿಟ್ಟರೂ ನುಸಿ ಕೆಲವು ದಿನ ಬದುಕಿರುತ್ತದೆ.

ಒಂದು ವಾರದಲ್ಲಿಯೇ ನಾಯಿಯ ಕೊಡವುವಿಕೆ ನಿಂತಿತು. ಮನೆಯವರು ಎರಡನೆಯ ಸಲ ಔಷಧ ಏಕೆಂದು ಕೇಳಿದರು. ನಾಲ್ಕನೆಯ ವಾರದಲ್ಲಿ ಆ ವಿದ್ಯಾರ್ಥಿ ಎರಡು ಬೆಂಕಿಪೆಟ್ಟಿಗೆಗಳನ್ನು ತಂದನು, ಒಂದರ ಮೇಲೆ ‘ನಾಯಿ’, ಇನ್ನೊಂದರ ಮೇಲೆ ‘ಬೆಕ್ಕು’ ಎಂದು ಬರೆದಿತ್ತು. ಈ ಸಲ ನಾವು ಎಣ್ಣೆಯ ಹನಿ ಹಾಕಿ, ಕಡಮೆ ವರ್ಧನದಲ್ಲಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊಲ ಉಳುವಂತೆ ಸಾಲುಸಾಲಾಗಿ ನೋಡಿದೆವು. ನಾಯಿಯ ಗುಗ್ಗೆಯಲ್ಲಿ ಏನೂ ಇರಲಿಲ್ಲ. ಬೆಕ್ಕಿನದರಲ್ಲಿ ಎರಡು ಒಡೆದ ಚಿಪ್ಪುಗಳು, ಕಾಲು ಮಡಚಿಕೊಂಡು ಸತ್ತ ಒಂದು ನುಸಿ, ಮತ್ತು ಇನ್ನೂ ಒಡೆಯದ ಒಂದು ಮೊಟ್ಟೆ ಕಂಡವು. ವಿದ್ಯಾರ್ಥಿ ಅದೇ ಸಂಜೆ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ವೈದ್ಯರಲ್ಲಿಗೆ ಹೋದನು.